ಬೀಳುವುದನ್ನು ಕಲಿಸುವ ಗುರು

‘ಜಟ್ಟಿ ಕೆಳಕ್ಕೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ’ ಎಂಬ ಗಾದೆಯನ್ನು ಕೇಳದ ಕನ್ನಡಿಗರು ವಿರಳ. ಸೋತ ಮೇಲೂ ಸೋಲನ್ನು ಒಪ್ಪಲಾರದವನನ್ನು ಕಂಡಾಗ ಈ ಮಾತು ತಾನಾಗಿ ಬಾಯಿಗೆ ಬರುತ್ತದೆ, ನಕ್ಕು ಸುಮ್ಮನಾಗುತ್ತೇವೆ. ಆದರೆ ಗಾದೆಯ ಜಟ್ಟಿಯನ್ನು ಸ್ವಲ್ಪ ಕರುಣೆಯಿಂದ ನೋಡಿದರೆ ಅವನ ಕಷ್ಟ ತಿಳಿಯುತ್ತದೆ. ಎದುರಾಳಿಯನ್ನು ಬೀಳಿಸುವ ವಿದ್ಯೆಯನ್ನು ಅವನಿಗೆ ಯಾರೋ ಕಲಿಸಿದ್ದಾರೆ. ತಾನು ಬೀಳುವ ವಿದ್ಯೆಯನ್ನು ಮಾತ್ರ ಯಾರೂ ಕಲಿಸಿಲ್ಲ. ಆದ್ದರಿಂದಲೇ ಬಿದ್ದಾಗ ಅವನ ಪಾಲಿಗೆ ಉಳಿಯುವುದು ಮೀಸೆಯೊಂದೇ.

ಬೀಳುವುದಕ್ಕೂ ಒಂದು ವಿದ್ಯೆಯುಂಟೆ ಎಂದು ತಾವು ಕೇಳಬಹುದು. ಉಂಟು. ಜಪಾನಿನ ಜುಜುತ್ಸುವಿನಿಂದ ಹುಟ್ಟಿ ಇಂದು ಲೋಕವೆಲ್ಲ ಹಬ್ಬಿರುವ ಜುಡೊ ಶಾಲೆಗಳಲ್ಲಿ ಹೊಸದಾಗಿ ಬಂದ ಶಿಷ್ಯನಿಗೆ ಮೊದಲು ಹೇಳಿಕೊಡುವ ಪಾಠವೇ ಅದು. ಆ ವಿದ್ಯೆಯನ್ನು ಕಲಿತು, ಕಲಿಸಿ, ಕಲಿಸುತ್ತಲೇ ಬಾಳನ್ನು ಸವೆಸಿದ ಮೂವರು ಗುರುಗಳ ವಿಷಯವನ್ನು ಇಂದು ತಮ್ಮ ಮುಂದೆ ಇಡಬೇಕೆಂದಿದ್ದೇನೆ. ಮೂವರೂ ಒಂದೇ ಸರಪಳಿಯ ಕೊಂಡಿಗಳು. ಅವರ ಕತೆ ನಡೆದದ್ದು ಬಹುದೂರದ ನಾಡುಗಳಲ್ಲಿ. ಆದರೂ ಅದು ಎತ್ತುವ ಪ್ರಶ್ನೆ ನಮ್ಮ ರಾಯಚೂರಿನ, ದೇವದುರ್ಗ ಮಾನ್ವಿಗಳ ಗರಡಿಗಳಿಗೂ ಸೇರಿದ್ದು. ಆದ್ದರಿಂದ ನಮ್ಮ ನೆಲದಿಂದಲೇ ಹೊರಡೋಣ.

ನಮ್ಮ ಕಡೆ ಗರಡಿಗೆ ತಾಲೀಮು ಎಂಬ ಇನ್ನೊಂದು ಹೆಸರುಂಟು. ನಿಜಾಮರ ಕಾಲದಲ್ಲಿ ಉರ್ದು ನಮ್ಮ ಕಚೇರಿಯ ಭಾಷೆಯೂ ಶಾಲೆಯ ಭಾಷೆಯೂ ಆಗಿದ್ದುದನ್ನು ಬಲ್ಲವರಿಗೆ ಆ ಮಾತಿನ ಅರ್ಥ ಗೊತ್ತು. ತಾಲೀಮು ಎಂದರೆ ಶಿಕ್ಷಣ. ಅಕ್ಷರದ ಕಲಿಕೆಗೂ ಪಟ್ಟಿನ ಕಲಿಕೆಗೂ ಒಂದೇ ಮಾತು. ಅಲ್ಲಿ ಕಲಿಸುವವನನ್ನು ಜನ ವಸ್ತಾದ ಎನ್ನುತ್ತಾರೆ. ಸಂಗೀತದ ದೊಡ್ಡ ವಿದ್ವಾಂಸನನ್ನು ಗೌರವಿಸಿ ಕರೆಯುವ ಉಸ್ತಾದ್ ಎಂಬ ಮಾತೇ ಮಣ್ಣಿನ ಅಖಾಡದಲ್ಲಿ ಈ ರೂಪ ತಾಳಿದೆ. ಕನ್ನಡವಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಕವಿಯಾಗಲಿ, ಗಾಯಕನಾಗಲಿ, ರಾಜಕಾರಣಿಯಾಗಲಿ, ‘ಇಂಥವರ ಗರಡಿಯಲ್ಲಿ ಪಳಗಿದವರು’ ಎಂದೇ ನಾವು ಪರಿಚಯ ಹೇಳುತ್ತೇವೆ. ಕುಸ್ತಿಯ ಮಣ್ಣನ್ನು ಒಮ್ಮೆಯೂ ಮುಟ್ಟದವರು ಕೂಡ ತಮ್ಮ ಗುರುಕುಲವನ್ನು ಹೇಳಿಕೊಳ್ಳಲು ಗರಡಿಯ ಮಾತನ್ನೇ ಎರವಲು ಪಡೆಯುತ್ತಾರೆ. ಕಲಿಸುವ ವೃತ್ತಿಗೆ ಒಂದು ಭಾಷೆ ಸಲ್ಲಿಸಬಹುದಾದ ಮರ್ಯಾದೆ ಇದಕ್ಕಿಂತ ಹೆಚ್ಚಿನದು ಯಾವುದಿದೆ?

ಈ ವಿದ್ಯೆ ನಮ್ಮಲ್ಲಿ ಅರಮನೆಯನ್ನೂ ಕಂಡಿತ್ತು, ಗ್ರಂಥವನ್ನೂ ಕಂಡಿತ್ತು. ಕಲ್ಯಾಣದಿಂದ ಆಳಿದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗವಿದೆ. ಮಲ್ಲರನ್ನು ಅವರ ಯೋಗ್ಯತೆಗೆ ತಕ್ಕಂತೆ ದರ್ಜೆಗಳಾಗಿ ವಿಂಗಡಿಸುವುದು, ಅವರ ಆಹಾರ, ಭಾರ ಎತ್ತುವ ಶ್ರಮ, ನಡೆಯುವ ಶ್ರಮ, ನೀರಿನಲ್ಲಿ ಈಜುವ ಶ್ರಮ, ಕಂಬವನ್ನು ಹಿಡಿದು ಮಾಡುವ ಶ್ರಮ, ಇವೆಲ್ಲವೂ ಅಲ್ಲಿ ಕ್ರಮವಾಗಿ ಬರುತ್ತವೆ. ವ್ಯಾಯಾಮಕ್ಕೆ ‘ಶ್ರಮ’ವೆಂಬ ಹೆಸರು ಎಷ್ಟು ಪ್ರಾಮಾಣಿಕವಾದುದು! ದೇಹದ ವಿದ್ಯೆಗೆ ಹತ್ತಿರದ ದಾರಿಯಿಲ್ಲವೆಂಬುದನ್ನು ಆ ಒಂದು ಮಾತೇ ಸಾರುತ್ತದೆ.

ನಾಲ್ಕು ಶತಮಾನಗಳ ತರುವಾಯ ಇದೇ ರಾಯಚೂರಿನ ಕೋಟೆಗಾಗಿ ವಿಜಯನಗರದ ಕೃಷ್ಣದೇವರಾಯನಿಗೂ ವಿಜಾಪುರದ ಇಸ್ಮಾಯಿಲ್ ಆದಿಲಶಾಹನಿಗೂ ಯುದ್ಧ ನಡೆಯಿತು. ವರ್ಷ ೧೫೨೦. ಸುಮಾರು ಅದೇ ಹೊತ್ತಿನಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ಬೆಳಕು ಹರಿಯುವ ಮೊದಲೇ ರಾಯ ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಅದೇ ಎಣ್ಣೆಯನ್ನು ತೀಡಿಸಿಕೊಂಡು, ಮಣ್ಣಿನಿಂದ ಮಾಡಿದ ಭಾರವಾದ ಗುಂಡುಗಳನ್ನು ಎತ್ತಿ, ಕುಡಿದ ಎಣ್ಣೆಯೆಲ್ಲ ಬೆವರಾಗಿ ಇಳಿಯುವವರೆಗೆ ಕತ್ತಿ ತಿರುಗಿಸಿ, ಅನಂತರ ತನ್ನ ಜಟ್ಟಿಗಳಲ್ಲಿ ಒಬ್ಬನೊಡನೆ ಕುಸ್ತಿ ಆಡುತ್ತಿದ್ದ. ಆಮೇಲೆ ಕುದುರೆಯೇರಿ ಬಯಲಲ್ಲಿ ಓಡಾಡುತ್ತಿದ್ದ.

ರಾಯನ ಹೆಸರು ನಮಗೆ ಗೊತ್ತು. ಬರೆದಿಟ್ಟ ಪರದೇಶಿಯ ಹೆಸರೂ ಗೊತ್ತು. ಕತ್ತಲೆಯಲ್ಲಿ ಎದ್ದು ಬಂದು ಚಕ್ರವರ್ತಿಯ ತೋಳನ್ನು ಹಿಡಿದು, ಅವನ ತಪ್ಪು ಹೆಜ್ಜೆಯನ್ನು ತನ್ನ ಮೈಯಿಂದಲೇ ತಿದ್ದುತ್ತಿದ್ದ ಆ ಜಟ್ಟಿ ಯಾರು? ಅವನಿಗೆ ಕಲಿಸಿದವನು ಯಾರು? ಚರಿತ್ರೆಯಲ್ಲಿ ಅವರಿಗೆ ಹೆಸರಿಲ್ಲ. ಕವಿಗೆ ಕಾವ್ಯ ಉಳಿಯುತ್ತದೆ. ಶಿಲ್ಪಿಗೆ ಕಲ್ಲು ಉಳಿಯುತ್ತದೆ. ಮಲ್ಲವಿದ್ಯೆಯ ಗುರು ಬರೆಯುವುದು ಶಿಷ್ಯನ ದೇಹದ ಮೇಲೆ, ಆ ದೇಹವೋ ಅರವತ್ತು ಎಪ್ಪತ್ತು ವರ್ಷಗಳಲ್ಲಿ ಅಳಿಸಿಹೋಗುವ ಓಲೆ. ಇಂಥ ಗುರುವಿನ ಬಾಳು ಉಳಿಯುವ ಬಗೆ ಯಾವುದು? ನಾನು ಹೇಳಹೊರಟ ಮೂವರು ಈ ಪ್ರಶ್ನೆಗೆ ತಮ್ಮ ಬದುಕಿನಿಂದಲೇ ಉತ್ತರ ಹೇಳಿದವರು.

ಜುಜುತ್ಸು ಎಂಬ ಮಾತಿನಲ್ಲಿ ‘ಜು’ ಎಂದರೆ ಮೃದುತ್ವ, ಬಾಗುವ ಗುಣ; ‘ಜುತ್ಸು’ ಎಂದರೆ ಕೌಶಲ. ಜಪಾನಿನ ಸಮುರಾಯ್ ಯೋಧರು ಆಯುಧವಿಲ್ಲದ ಹೊತ್ತಿನಲ್ಲಿ ಶತ್ರುವನ್ನು ಹಿಡಿಯಲು, ಎಸೆಯಲು, ಕೀಲು ತಿರುಚಿ ಅಡಗಿಸಲು ಬೆಳೆಸಿಕೊಂಡ ವಿದ್ಯೆ ಇದು. ಒಂದೊಂದು ಮನೆತನಕ್ಕೂ ಒಂದೊಂದು ಪಂಥ. ಒಂದೊಂದು ಪಂಥಕ್ಕೂ ಗುಟ್ಟಾಗಿ ಕಾಪಾಡಿದ ಸುರುಳಿಗಳು. ೧೮೬೮ರಲ್ಲಿ ಮೈಜಿ ದೊರೆತನ ಬಂದು ಹಳೆಯ ಊಳಿಗಮಾನ್ಯ ವ್ಯವಸ್ಥೆ ಕುಸಿದಾಗ ಈ ಗುರುಗಳ ಕಾಲಡಿಯ ನೆಲವೂ ಕುಸಿಯಿತು. ೧೮೭೬ರಲ್ಲಿ ಸಮುರಾಯ್‌ಗಳು ಕತ್ತಿ ಧರಿಸಿ ಓಡಾಡುವುದನ್ನೇ ಸರಕಾರ ನಿಷೇಧಿಸಿತು. ರೈಲು, ತಂತಿ, ಪಾಶ್ಚಾತ್ಯ ಉಡುಪುಗಳ ಆ ಹೊಸ ಯುಗದಲ್ಲಿ ಜುಜುತ್ಸು ಎಂದರೆ ಹಳಬರ ಹುಚ್ಚು ಎಂಬ ಭಾವನೆ ಬೆಳೆಯಿತು. ಅನೇಕ ಗುರುಗಳು ಮುರಿದ ಮೂಳೆ ಕೂರಿಸಿ ಹೊಟ್ಟೆ ಹೊರೆದರು. ಕೀಲು ತಪ್ಪಿಸಲು ಬಲ್ಲವನಿಗೆ ಕೀಲು ಕೂರಿಸಲೂ ತಿಳಿದಿರುತ್ತದೆಯಷ್ಟೆ. ನಮ್ಮ ಮೈಸೂರು ಸೀಮೆಯ ಜಟ್ಟಿಗಳೂ ಹಾಗೆಯೇ. ವಿಜಯದಶಮಿಯ ದಿನ ಅರಮನೆಯಲ್ಲಿ ವಜ್ರಮುಷ್ಟಿ ಕಾಳಗಕ್ಕೆ ಇಳಿಯುವ ಆ ಮನೆತನಗಳವರು ಮೂಳೆ ಕೂರಿಸುವುದರಲ್ಲಿಯೂ ಹೆಸರಾದವರು.

ಇಂಥ ಮೂಳೆವೈದ್ಯರ ಮನೆಬಾಗಿಲುಗಳನ್ನು ಹುಡುಕಿಕೊಂಡು ತೋಕಿಯೊ ನಗರದಲ್ಲಿ ಒಬ್ಬ ತರುಣ ಅಲೆಯುತ್ತಿದ್ದ. ಹೆಸರು ಕಾನೊ ಜಿಗೊರೊ. ಹುಟ್ಟಿದ್ದು ೧೮೬೦ರಲ್ಲಿ, ಕಡಲ ದಡದ ಮಿಕಾಗೆ ಎಂಬಲ್ಲಿ, ಅಕ್ಕಿಯ ಮದ್ಯ ತಯಾರಿಸುವ ಅನುಕೂಲಸ್ಥ ಮನೆತನದಲ್ಲಿ. ಬಾಲ್ಯದಲ್ಲೇ ತಾಯಿಯನ್ನು ಕಳೆದುಕೊಂಡು ತಂದೆಯ ಜೊತೆ ತೋಕಿಯೊಗೆ ಬಂದ. ಓದಿನಲ್ಲಿ ಚುರುಕು, ಮೈಯಲ್ಲಿ ಮಾತ್ರ ಕಡ್ಡಿ. ವಸತಿಶಾಲೆಯ ದಾಂಡಿಗ ಹುಡುಗರಿಗೆ ಅವನೊಂದು ಆಟದ ಬೊಂಬೆ. ಬಲಹೀನನೂ ಬಲಶಾಲಿಯನ್ನು ಉರುಳಿಸಬಲ್ಲ ವಿದ್ಯೆಯೊಂದುಂಟು ಎಂದು ಕೇಳಿದಂದಿನಿಂದ ಅವನಿಗೆ ಬೇರೆ ಧ್ಯಾನವಿಲ್ಲ. ಬಲ್ಲವರು ಕಲಿಸಲು ಒಪ್ಪಲಿಲ್ಲ. ಈ ಕಾಲಕ್ಕೆ ಅದೇಕೆ ಎಂದು ತಂದೆಯೂ ತಡೆದರು. ಕೊನೆಗೆ ೧೮೭೭ರಲ್ಲಿ, ವಿಶ್ವವಿದ್ಯಾಲಯದ ವಿದ್ಯಾರ್ಥಿಯಾದ ಮೇಲೆ, ಒಬ್ಬ ಮೂಳೆವೈದ್ಯ ತೋರಿಸಿದ ದಾರಿ ಹಿಡಿದು ಅವನು ಫುಕುದ ಹಾಚಿನೊಸುಕೆ ಎಂಬ ಗುರುವಿನ ಮನೆಗೆ ಬಂದು ಸೇರಿದ.

ನಮ್ಮ ಮೂವರಲ್ಲಿ ಮೊದಲಿಗರು ಈ ಫುಕುದ. ತೆನ್‌ಜಿನ್ ಶಿನ್ಯೊ ಎಂಬ ಪಂಥದವರು. ಸಣ್ಣ ಮನೆ, ಬೆರಳೆಣಿಕೆಯ ಚಾಪೆಗಳು, ಬೆರಳೆಣಿಕೆಯ ಶಿಷ್ಯರು. ಅವರ ಪಾಠಕ್ರಮದ ವಿಷಯವಾಗಿ ಕಾನೊ ಮುಂದೆ ನೆನೆದುಕೊಂಡ ಸಂಗತಿಯೊಂದಿದೆ. ಗುರುಗಳು ತನ್ನನ್ನು ಎಸೆದ ಪಟ್ಟಿನ ಮರ್ಮವೇನೆಂದು ಈ ಕಾಲೇಜು ಹುಡುಗ ಕೇಳಿದ: ಕೈ ಎಲ್ಲಿರಬೇಕು, ಕಾಲು ಎಲ್ಲಿರಬೇಕು? ಗುರುಗಳು ಅವನನ್ನು ಮತ್ತೊಮ್ಮೆ ಎಸೆದರು. ಎದ್ದು ಬಂದು ಪುನಃ ಕೇಳಿದ; ಪುನಃ ಎಸೆದರು. ಹೀಗೆ ಹಲವು ಸಲವಾದ ಮೇಲೆ, ಕೇಳಿದರೆ ಏನೂ ತಿಳಿಯದು, ಅಭ್ಯಾಸ ಮಾಡಿದರೆ ತಾನಾಗಿ ತಿಳಿಯುವುದು ಎಂದರಂತೆ. ನಮ್ಮ ವಸ್ತಾದರ ಬಾಯಿಂದಲೂ ಬರಬಹುದಾದ ಮಾತೇ ಇದು. ಮೈಗೆಲ್ಲ ಗಾಯ, ಗಾಯಕ್ಕೆಲ್ಲ ಗುರುಗಳು ಕೊಟ್ಟ ಮುಲಾಮು. ಅದರ ವಾಸನೆಗೆ ಸಹಪಾಠಿಗಳು ಮೂಗು ಮುಚ್ಚಿಕೊಂಡು ಹಾಸ್ಯಮಾಡುತ್ತಿದ್ದರು. ಹುಡುಗ ಬಿಡಲಿಲ್ಲ.

೧೮೭೯ರ ಬೇಸಗೆಯಲ್ಲಿ ಅಮೆರಿಕದ ಮಾಜಿ ಅಧ್ಯಕ್ಷ ಗ್ರಾಂಟ್ ಜಪಾನಿಗೆ ಬಂದಾಗ ಅವರ ಮುಂದೆ ಜುಜುತ್ಸುವಿನ ಪ್ರದರ್ಶನ ನಡೆಯಿತು. ಅದರಲ್ಲಿ ಗುರುಗಳೂ ಭಾಗವಹಿಸಿದರು, ಶಿಷ್ಯನೂ ಭಾಗವಹಿಸಿದ. ಅದಾದ ಕೆಲವೇ ದಿನಗಳಲ್ಲಿ ಫುಕುದ ತೀರಿಕೊಂಡರು. ಮನೆಯವರು ಪಂಥದ ಸುರುಳಿಗಳನ್ನು ತಂದು ಎರಡೇ ವರ್ಷದ ಶಿಷ್ಯನಾದ ಕಾನೊವಿನ ಕೈಗಿಟ್ಟರು. ಕಾನೊ ಮುಂದೆ ಅದೇ ಪಂಥದ ಇಸೊ ಮಾಸಾತೊಮೊ ಅವರಲ್ಲಿಗೆ ಹೋದ. ೧೮೮೧ರಲ್ಲಿ ಅವರೂ ತೀರಿಕೊಂಡರು. ಬಳಿಕ ಕಿತೊ ಪಂಥದ ಈಕುಬೊ ತ್ಸುನೆತೊಶಿ ಅವರನ್ನು ಆಶ್ರಯಿಸಿದ. ನಾಲ್ಕು ವರ್ಷಗಳಲ್ಲಿ ಇಬ್ಬರು ಗುರುಗಳನ್ನು ಕಳೆದುಕೊಂಡ ಈ ತರುಣನಿಗೆ ಒಂದು ಸತ್ಯ ಬೇಗ ಹೊಳೆದಿರಬೇಕು. ಈ ವಿದ್ಯೆ ಕೆಲವು ಮುದುಕರ ಉಸಿರಿನಲ್ಲಿ ಮಾತ್ರ ಉಳಿದಿದೆ; ಉಸಿರು ನಿಂತರೆ ವಿದ್ಯೆಯೂ ನಿಲ್ಲುತ್ತದೆ.

೧೮೮೨ರಲ್ಲಿ, ಇಪ್ಪತ್ತೆರಡು ತುಂಬುವ ಮೊದಲೇ, ಕಾನೊ ತಾನೇ ಗುರುವಾದರು. ತೋಕಿಯೊದ ಏಶೋಜಿ ಎಂಬ ಬೌದ್ಧ ದೇವಾಲಯದಲ್ಲಿ ಹನ್ನೆರಡು ಚಾಪೆಗಳ ಜಾಗ. ಮೊದಲ ವರ್ಷ ಒಂಬತ್ತು ಮಂದಿ ಶಿಷ್ಯರು. ಆ ಶಾಲೆಗೆ ಇಟ್ಟ ಹೆಸರು ಕೊದೊಕಾನ್, ಎಂದರೆ ಮಾರ್ಗವನ್ನು ಅರಸುವ ಮನೆ. ಶಿಷ್ಯರು ಬಿದ್ದ ರಭಸಕ್ಕೆ ದೇವಾಲಯದ ನೆಲ ನಡುಗಿ, ಪಕ್ಕದ ಕೋಣೆಯಲ್ಲಿದ್ದ ಪಿತೃಗಳ ಸ್ಮಾರಕ ಫಲಕಗಳು ಉರುಳುತ್ತಿದ್ದುವಂತೆ. ಮುರಿದ ಹಲಗೆಗಳನ್ನು ಸರಿಪಡಿಸಲು ಈ ಪದವೀಧರ ಗುರು ರಾತ್ರಿ ದೀಪ ಹಿಡಿದು ನೆಲದಡಿಗೆ ತೆವಳಿಕೊಂಡು ಹೋಗುತ್ತಿದ್ದರು. ಹಗಲು ಶಾಲೆಯೊಂದರಲ್ಲಿ ಮಾಸ್ತರಿಕೆ. ಅದರ ಸಂಬಳವನ್ನೂ ಅನುವಾದದಿಂದ ಬಂದ ಹಣವನ್ನೂ ಚಾಪೆಯ ಶಾಲೆಗೆ ಸುರಿದರು.

ಗುರುವಾದ ಕಾನೊ ಮಾಡಿದ ಬದಲಾವಣೆಗಳನ್ನು ಸ್ವಲ್ಪ ನಿಂತು ನೋಡಬೇಕು. ಹಳೆಯ ಶಾಲೆಗಳಲ್ಲಿ ಹೊಸಬ ಬಿದ್ದು ಬಿದ್ದು ಕಲಿಯಬೇಕಾಗಿತ್ತು. ಕೈಕಾಲು ಮುರಿದರೆ ಅದು ಅವನ ಅದೃಷ್ಟ. ಕಾನೊ ಬೀಳುವುದನ್ನೇ ಕಲಿಸತಕ್ಕ ಪಾಠವಾಗಿ ಮಾಡಿದರು. ಗದ್ದವನ್ನು ಎದೆಗೆ ಒತ್ತಿಕೊಂಡು, ತಲೆ ನೆಲಕ್ಕೆ ತಾಗದಂತೆ ಕಾದು, ಬೆನ್ನನ್ನು ದುಂಡಗೆ ಮಾಡಿ, ನೆಲ ಸೋಕುವ ಕ್ಷಣಕ್ಕೆ ಸರಿಯಾಗಿ ತೋಳಿನಿಂದ ಚಾಪೆಯನ್ನು ಬಡಿಯಬೇಕು. ಆಗ ಬಿದ್ದ ಪೆಟ್ಟು ಒಂದೇ ಕಡೆಗೆ ನಾಟದೆ ಮೈತುಂಬ ಹಂಚಿಹೋಗುತ್ತದೆ. ಎಸೆದವನಿಗೂ ಒಂದು ಕರ್ತವ್ಯವಿದೆ. ಎದುರಾಳಿಯ ತೋಳಂಗಿಯನ್ನು ಅವನು ಕೊನೆಯವರೆಗೂ ಬಿಡುವಂತಿಲ್ಲ. ಬೀಳುವವನನ್ನು ಹಿಡಿದೇ ಬೀಳಿಸಬೇಕು. ಇನ್ನು ಕೀಲು ಒತ್ತಿದಾಗ ನೋವು ತಾಳಲಾರದವನು ಅಂಗೈಯಿಂದ ಎರಡು ಸಲ ತಟ್ಟಿದರೆ ಸಾಕು, ಹಿಡಿದವನು ತತ್‌ಕ್ಷಣ ಬಿಡಬೇಕು. ತಟ್ಟುವುದೆಂದರೆ ಸೋತೆನೆಂದು ಒಪ್ಪುವುದು. ಅದರಲ್ಲಿ ನಾಚಿಕೆಯಿಲ್ಲ, ತಟ್ಟಲು ಬಲ್ಲವನು ನಾಳೆ ಮತ್ತೆ ಬಂದು ಕಲಿಯುತ್ತಾನೆ. ನಮ್ಮ ಗಾದೆಯ ಜಟ್ಟಿಗೆ ತಿಳಿಯದೆ ಹೋದದ್ದು ಇದೇ.

ಪ್ರಾಣಕ್ಕೆ ಅಪಾಯ ತರುವ ಪಟ್ಟುಗಳನ್ನು ಕಾನೊ ದಿನದ ಸೆಣಸಾಟದಿಂದ ತೆಗೆದು, ಕ್ರಮಬದ್ಧ ಪ್ರದರ್ಶನದ ಪಾಠಗಳಲ್ಲಿ ಮಾತ್ರ ಉಳಿಸಿದರು. ಶಿಷ್ಯರ ಪ್ರಗತಿಗೆ ಶ್ರೇಣಿಗಳನ್ನು ಗೊತ್ತುಮಾಡಿದರು. ಕೌಶಲವೆಂಬ ‘ಜುತ್ಸು’ವನ್ನು ಬಿಟ್ಟು ಮಾರ್ಗವೆಂಬ ‘ದೊ’ವನ್ನು ಸೇರಿಸಿ ಜುಡೊ ಎಂದು ಕರೆದರು. ಎಲ್ಲಕ್ಕಿಂತ ಮಿಗಿಲಾಗಿ, ಫುಕುದ ಅವರು ಎಸೆದು ತೋರಿಸಿದ್ದನ್ನು ಇವರು ಮಾತಿನಲ್ಲಿಯೂ ಬಿಡಿಸಿ ಹೇಳಿದರು. ಅವರು ಕೊಡುತ್ತಿದ್ದ ಲೆಕ್ಕ ಸರಳವಾದುದು. ಎದುರಾಳಿಯ ಬಲ ಹತ್ತು, ನನ್ನದು ಏಳು ಎಂದುಕೊಳ್ಳಿ. ಅವನು ನೂಕಿದಾಗ ನಾನು ಎದುರು ನೂಕಿದರೆ ಸೋಲುವುದು ಖಂಡಿತ. ನೂಕಿದ ಕಡೆಗೇ ನಾನು ಸರಿದುಕೊಟ್ಟರೆ ಅವನು ಮುಂದಕ್ಕೆ ವಾಲುತ್ತಾನೆ. ಸಮತೋಲ ತಪ್ಪಿದ ಆ ಗಳಿಗೆಯಲ್ಲಿ ಅವನ ಬಲ ಮೂರಕ್ಕೆ ಇಳಿದಿರುತ್ತದೆ. ನನ್ನ ಏಳು ಏಳಾಗಿಯೇ ಇರುತ್ತದೆ. ಮೊದಲು ಸಮತೋಲ ಕೆಡಿಸು, ಆಮೇಲೆ ಎಸೆ. ಈ ಮರ್ಮವನ್ನು ಕಂಡುಕೊಂಡ ಕಾಲದಲ್ಲಿ ಒಂದು ದಿನ ಗುರು ಈಕುಬೊ ಅವರೊಡನೆ ಆಡುತ್ತ ಕಾನೊ ಅವರನ್ನೇ ಮೇಲಿಂದ ಮೇಲೆ ಎಸೆದರು. ಆ ಹಿರಿಯರು ಮುನಿಯಲಿಲ್ಲ. ಹೇಗೆಂದು ಕೇಳಿ ತಿಳಿದುಕೊಂಡು, ಇನ್ನು ನಿನಗೆ ನಾನು ಕಲಿಸತಕ್ಕದ್ದೇನೂ ಉಳಿದಿಲ್ಲವೆಂದು ಒಪ್ಪಿ ಬೀಳ್ಕೊಟ್ಟರು. ಶಿಷ್ಯನಿಂದ ಸೋಲಲು ಬಲ್ಲ ಗುರು ಎಷ್ಟು ದೊಡ್ಡವನು!

ಬಲವನ್ನು ಸರಿಯಾದ ಕಡೆಗೆ ಪ್ರಯೋಗಿಸುವ ಈ ತತ್ತ್ವ ರಾಯಚೂರಿನವರಿಗೆ ಹೊಸದೇನಲ್ಲ. ನಮ್ಮ ಕೋಟೆಯ ಗೋಡೆಯಲ್ಲಿ ೧೨೯೪ರ ಶಾಸನವನ್ನು ಹೊತ್ತ, ೪೧ ಅಡಿಗೂ ಮೀರಿದ ಉದ್ದದ ಒಂದೇ ಕಲ್ಲನ್ನು ತಾವೆಲ್ಲ ನೋಡಿದ್ದೀರಿ. ಅದನ್ನು ಬಂಡಿಯ ಮೇಲೆ ಕೋಣಗಳಿಂದ ಎಳೆಸಿದ ಬಗೆಯನ್ನೂ, ಆಳುಗಳು ಗಾಲಿಗಳಿಗೆ ಆಸರೆ ಕೊಡುತ್ತಿರುವುದನ್ನೂ ಅಲ್ಲಿಯೇ ಕೊರೆದಿದ್ದಾರೆ. ಎಷ್ಟು ಬಲವಿದೆಯೆಂಬುದರಷ್ಟೇ ಅದನ್ನು ಎಲ್ಲಿ, ಯಾವಾಗ ಕೊಡಬೇಕೆಂಬುದೂ ಮುಖ್ಯವೆಂದು ಆ ಚಿತ್ರ ಏಳು ಶತಮಾನಗಳಿಂದ ಹೇಳುತ್ತಿದೆ. ಇರುವ ಶಕ್ತಿಯನ್ನು ಅತ್ಯುತ್ತಮವಾಗಿ ಬಳಸುವುದು, ತಾನೂ ಬಾಳಿ ಇತರರನ್ನೂ ಬಾಳಿಸುವುದು ಎಂಬ ಎರಡು ಸೂತ್ರಗಳಲ್ಲಿ ಕಾನೊ ತಮ್ಮ ಬೋಧನೆಯನ್ನೆಲ್ಲ ಅಡಕಮಾಡಿದರು.

ಸಾಹಿತ್ಯಪ್ರಿಯರಿಗೆ ಕುತೂಹಲ ಹುಟ್ಟಿಸುವ ಇನ್ನೊಂದು ಸಂಗತಿ ಇಲ್ಲಿದೆ. ಕಾನೊ ವೃತ್ತಿಯಿಂದ ಶಿಕ್ಷಣಾಧಿಕಾರಿ. ಅಧ್ಯಾಪಕರನ್ನು ತಯಾರಿಸುವ ತೋಕಿಯೊದ ಉನ್ನತ ಶಾಲೆಗೆ ಬಹುಕಾಲ ಮುಖ್ಯಸ್ಥರು. ಅದಕ್ಕೂ ಮೊದಲು ಅವರು ಕುಮಾಮೊತೊದ ಕಾಲೇಜಿಗೆ ಪ್ರಾಂಶುಪಾಲರಾಗಿದ್ದಾಗ ಅಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದವರು ಲಾಫ್ಕಾಡಿಯೊ ಹರ್ನ್. ೧೮೯೫ರಲ್ಲಿ ಹೊರಬಂದ ಅವರ ಪುಸ್ತಕದಲ್ಲಿ ಜುಜುತ್ಸುವಿನ ಮೇಲೆಯೇ ಒಂದು ದೀರ್ಘ ಪ್ರಬಂಧವಿದೆ. ಮುಂದೆ ಜಪಾನಿನ ಮಹಾ ಕಾದಂಬರಿಕಾರರಾದ ನಾತ್ಸುಮೆ ಸೊಸೆಕಿಯನ್ನು ೧೮೯೩ರಲ್ಲಿ ಅಧ್ಯಾಪಕರಾಗಿ ನೇಮಿಸಿಕೊಂಡವರು ಇದೇ ಕಾನೊ. ಚೀನೀ ವಿದ್ಯಾರ್ಥಿಗಳಿಗಾಗಿ ಅವರು ನಡೆಸುತ್ತಿದ್ದ ಶಾಲೆಗೆ ೧೯೦೨ರಲ್ಲಿ ಬಂದು ಸೇರಿದ ತರುಣನೊಬ್ಬ ಮುಂದೆ ಲು ಶುನ್ ಎಂಬ ಹೆಸರಿನಿಂದ ಆಧುನಿಕ ಚೀನೀ ಸಾಹಿತ್ಯಕ್ಕೆ ತಳಹದಿ ಹಾಕಿದ. ಅಕ್ಷರದ ತಾಲೀಮಿಗೂ ಮೈಯ ತಾಲೀಮಿಗೂ ನಡುವೆ ಗೋಡೆ ಕಟ್ಟದ ಗುರುವಿನ ಸುತ್ತ ಎಂಥೆಂಥವರು ಸುಳಿದುಹೋದರು!

ನಮ್ಮ ದೇಶದಲ್ಲಿಯೂ ಈ ಮಾತನ್ನು ಅರಿತ ಕವಿಯೊಬ್ಬರಿದ್ದರು. ರವೀಂದ್ರನಾಥ ಠಾಕೂರರು ೧೯೦೫ರಷ್ಟು ಹಿಂದೆಯೇ ಸಾನೊ ಜಿನ್ನೊಸುಕೆ ಎಂಬ ಜಪಾನಿ ಶಿಕ್ಷಕರನ್ನು ಶಾಂತಿನಿಕೇತನಕ್ಕೆ ಕರೆಸಿ ಹುಡುಗರಿಗೆ ಜುಜುತ್ಸು ಕಲಿಸಿದರು. ಮತ್ತೆ ೧೯೨೯ರಲ್ಲಿ ಕೊದೊಕಾನಿನ ತಾಕಾಗಾಕಿ ಶಿನ್‌ಜೊ ಬಂದರು. ಈ ಸಲ ಹುಡುಗಿಯರೂ ಚಾಪೆಗೆ ಇಳಿದರು. ಹಾಡು, ಚಿತ್ರ, ನೃತ್ಯಗಳ ಆ ಆಶ್ರಮದಲ್ಲಿ ಬೀಳುವುದನ್ನು ಕಲಿಸುವ ವಿದ್ಯೆಗೂ ಸ್ಥಾನವುಂಟೆಂದು ಕವಿ ಬಗೆದರು. ಆದರೆ ತಾಕಾಗಾಕಿ ಇದ್ದದ್ದು ಸುಮಾರು ಎರಡು ವರ್ಷ ಮಾತ್ರ. ಗುರು ಹೊರಟ ಮೇಲೆ ಆ ಪಾಠ ಮೊದಲಿನಂತೆ ಮುಂದುವರಿಯಲಿಲ್ಲ. ಕೊಂಡಿಯೊಂದು ಕಳಚಿದರೆ ಎಂಥ ಕವಿಯ ಆಸೆಯೂ ಸರಪಳಿಯನ್ನು ಉಳಿಸಲಾರದು.

ಕಾನೊ ೧೯೦೯ರಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಗೆ ಸೇರಿದ ಮೊದಲ ಏಷ್ಯಾದವರಾದರು. ಆ ಸಮಿತಿಯ ಕೈರೋ ಅಧಿವೇಶನದಿಂದ ಹಿಂದಿರುಗುತ್ತಿದ್ದಾಗ, ೧೯೩೮ರ ಮೇ ೪ರಂದು, ತಾಯ್ನಾಡಿನ ದಡ ಕಾಣುವ ಮೊದಲೇ ಹಡಗಿನಲ್ಲಿ ತೀರಿಕೊಂಡರು, ವಯಸ್ಸು ೭೭. ಅವರ ವಿದ್ಯೆ ಒಲಿಂಪಿಕ್ ಕ್ರೀಡೆಯಾಗಿ ತೋಕಿಯೊದಲ್ಲಿ ನಡೆದದ್ದು ೧೯೬೪ರಲ್ಲಿ.

ಆದರೆ ಸಾಯುವುದಕ್ಕೆ ಕೆಲವು ವರ್ಷಗಳ ಹಿಂದೆ ಕಾನೊ ತಮ್ಮ ಹಳೆಯ ಸಾಲವೊಂದನ್ನು ತೀರಿಸಿದ್ದರು. ತಮಗೆ ಮೊದಲ ಪಾಠ ಹೇಳಿದ ಫುಕುದ ಹಾಚಿನೊಸುಕೆ ಅವರ ಮೊಮ್ಮಗಳೊಬ್ಬಳಿರುವುದು ತಿಳಿದು, ಆಕೆಯನ್ನು ತಾವೇ ಕರೆದು ಕೊದೊಕಾನಿನ ಮಹಿಳಾ ವಿಭಾಗಕ್ಕೆ ಬಂದು ಕಲಿಯುವಂತೆ ಹೇಳಿದರು. ಅಜ್ಜನಿಂದ ಪಡೆದದ್ದನ್ನು ಮೊಮ್ಮಗಳಿಗೆ ಹಿಂದಿರುಗಿಸುವ ಗುರುದಕ್ಷಿಣೆ ಅದು. ಆಕೆಯೇ ನಮ್ಮ ಮೂವರಲ್ಲಿ ಕೊನೆಯವರಾದ ಕೇಕೊ ಫುಕುದ.

ಕೇಕೊ ಹುಟ್ಟಿದ್ದು ೧೯೧೩ರಲ್ಲಿ. ಐದು ಅಡಿಗೂ ಒಂದು ಅಂಗುಲ ಕಡಿಮೆ ಎತ್ತರ. ಚಿಕ್ಕಂದಿನಲ್ಲೇ ತಂದೆ ಇಲ್ಲ. ಒಳ್ಳೆಯ ಮನೆತನದ ಹುಡುಗಿ ಕಲಿಯಬೇಕಾದ ಸುಂದರ ಬರವಣಿಗೆ, ಹೂ ಜೋಡಣೆ, ಚಹಾ ವಿಧಿಗಳನ್ನು ಕಲಿತಿದ್ದರು. ೧೯೩೫ರಲ್ಲಿ ಅವರು ಸೇರಿದಾಗ ಅಲ್ಲಿದ್ದ ಹೆಂಗಸರು ಇಪ್ಪತ್ತನಾಲ್ಕು. ಯಾರಾದರೂ ಒಳ್ಳೆಯ ಜುಡೊ ಪಟುವನ್ನು ಮದುವ��ಯಾಗಲಿ ಎಂಬುದು ಮನೆಯವರ ಹಾರೈಕೆಯಾಗಿತ್ತು. ಮದುವೆಯಾದರೆ ಚಾಪೆಯನ್ನು ಬಿಡಬೇಕಾಗುವುದೆಂದು ಕಂಡಾಗ ಕೇಕೊ ಮದುವೆಯನ್ನೇ ಬಿಟ್ಟರು. ಅದನ್ನು ಅವರು ತ್ಯಾಗವೆಂದು ಸಾರಿಕೊಳ್ಳಲಿಲ್ಲ. ಆದರೆ ಆ ಆಯ್ಕೆ ಎಷ್ಟು ಉದ್ದದ ದಾರಿಯನ್ನು ಹಿಡಿಯುತ್ತದೆಂಬುದು ಆಗ ತನಗೇ ತಿಳಿದಿರಲಿಲ್ಲವೆಂದು ಮುಪ್ಪಿನಲ್ಲಿ ಹೇಳುತ್ತಿದ್ದರು.

ಲೋಕದ ಮೂಲೆಮೂಲೆಗೂ ಹೋಗಿ ಕಲಿಸಿರೆಂದು ಕಾನೊ ಶಿಷ್ಯೆಯರಿಗೆ ಹೇಳಿದ್ದರು. ಆ ಮಾತನ್ನು ಹೊತ್ತು ಕೇಕೊ ೧೯೫೩ರಲ್ಲಿ ಮೊದಲ ಬಾರಿ ಅಮೆರಿಕಕ್ಕೆ ಹೋದರು. ೧೯೬೬ರಲ್ಲಿ ಮತ್ತೆ ಹೋಗಿ ಸಾನ್ ಫ್ರಾನ್ಸಿಸ್ಕೊದಲ್ಲಿ ನೆಲೆನಿಂತು, ಹೆಂಗಸರಿಗಾಗಿ ಜುಡೊ ಶಾಲೆ ತೆರೆದರು. ಅದೇ ೧೯೫೩ರಲ್ಲಿ ಅವರು ಐದನೆಯ ಶ್ರೇಣಿಗೆ ಏರಿದ್ದರು. ಹೆಂಗಸಿಗೆ ಅಲ್ಲಿಂದ ಮೇಲೆ ಮೆಟ್ಟಿಲೇ ಇರಲಿಲ್ಲ. ತಮ್ಮ ಕೈಯಲ್ಲಿ ಕಲಿತವರ ವಯಸ್ಸಿನ ಗಂಡಸರು ಅವರನ್ನು ದಾಟಿ ಮೇಲೇರುತ್ತಿದ್ದರೂ ಕೇಕೊ ಹತ್ತೊಂಬತ್ತು ವರ್ಷ ಒಂದೇ ಮೆಟ್ಟಿಲ ಮೇಲೆ ನಿಂತು ಕಲಿಸುತ್ತ ಹೋದರು. ಶಿಷ್ಯೆಯರು ಸುಮ್ಮನಿರದೆ ಬರೆದು ಕೇಳಿದರು. ೧೯೭೨ರಲ್ಲಿ ನಿಯಮ ಬದಲಾಗಿ, ಕೇಕೊ ಮತ್ತು ಅವರ ಒಡನಾಡಿ ಮಾಸಾಕೊ ನೊರಿತೊಮಿ ಆರನೆಯ ಶ್ರೇಣಿಗೆ ಏರಿದ ಮೊದಲ ಮಹಿಳೆಯರಾದರು. ೨೦೦೬ರಲ್ಲಿ ಕೊದೊಕಾನ್ ಒಂಬತ್ತನೆಯ ಶ್ರೇಣಿಯನ್ನಿತ್ತಿತು; ೨೦೧೧ರಲ್ಲಿ, ಆಕೆಯ ೯೮ನೆಯ ವಯಸ್ಸಿನಲ್ಲಿ, ಅಮೆರಿಕದ ಜುಡೊ ಸಂಸ್ಥೆ ಹತ್ತನೆಯ ಶ್ರೇಣಿಯನ್ನಿತ್ತು ಗೌರವಿಸಿತು.

ಶ್ರೇಣಿಗಳಿಗಿಂತ ಹೆಚ್ಚಾಗಿ ನನ್ನನ್ನು ಸೆಳೆಯುವುದು ಆ ಇಳಿವಯಸ್ಸಿನ ದಿನಚರಿ. ಮೈ ಬಾಗಿತು, ಮಂಡಿ ಸೋತಿತು, ಚಾಪೆಯ ಮೇಲೆ ಇಳಿಯುವುದು ಆಗದಾಯಿತು. ಆಗಲೂ ವಾರಕ್ಕೆ ಹಲವು ಸಂಜೆ ಚಾಪೆಯ ಅಂಚಿನ ಕುರ್ಚಿಯಲ್ಲಿ ಕುಳಿತು, ಒಬ್ಬಳ ಮೊಣಕೈ, ಇನ್ನೊಬ್ಬಳ ಹಿಮ್ಮಡಿ ತಿದ್ದುತ್ತಿದ್ದರು. ೨೦೧೩ರ ಫೆಬ್ರುವರಿ ೯ರಂದು, ನೂರಕ್ಕೆ ಎರಡು ತಿಂಗಳು ಉಳಿದಿರುವಾಗ ತೀರಿಕೊಂಡರು. ಸುಮಾರು ಎಂಬತ್ತು ವರ್ಷದ ಅಭ್ಯಾಸ! ಎಸೆಯುವ ಬಲ ಹೋದ ಮೇಲೂ ಕಾಣುವ ಕಣ್ಣು ಉಳಿಯುತ್ತದೆ. ಕಾಣುವ ಕಣ್ಣೇ ಗುರುವಿನ ನಿಜವಾದ ಅಂಗ.

ಈ ವಿದ್ಯೆಯಲ್ಲಿ ಗುರುವಿನ ಬಾಳೆಂಬುದು ಏನೆಂದು ಯೋಚಿಸಿ ನೋಡಿ. ಶಿಷ್ಯ ಪಟ್ಟನ್ನು ಕಲಿಯಬೇಕಾದರೆ ಯಾರಾದರೂ ಬೀಳಬೇಕು. ಹೊಸಬನ ಒರಟು ಎಳೆತಕ್ಕೆ ಮೈಕೊಟ್ಟು ಬೀಳುವವನು ಹೆಚ್ಚಾಗಿ ಗುರುವೇ. ಸಾವಿರ ಸಲ ಎಸೆದು ದೊರೆತದ್ದನ್ನು ಅವನು ಸಾವಿರ ಸಲ ಬಿದ್ದು ಹಂಚುತ್ತಾನೆ. ನಮ್ಮ ಗರಡಿಗಳಲ್ಲಿಯೂ ಕಿರಿಯ ಪೈಲವಾನನಿಗೆ ಪಟ್ಟು ಕೂರುವ ತನಕ ವಸ್ತಾದ ತನ್ನ ಹೆಗಲನ್ನೇ ಕೊಡುತ್ತಾನೆ. ಜಾತ್ರೆಯ ದಿನ ಕಡೆಯ ಕುಸ್ತಿ ಗೆದ್ದವನ ಕೈಗೆ ಬೆಳ್ಳಿಯ ಕಡಗ ಬರುತ್ತದೆ. ಹಲಗೆಯ ಸದ್ದಿನಲ್ಲಿ ಅವನನ್ನು ಹೊತ್ತು ಮೆರೆಸುತ್ತಾರೆ. ಅಂಚಿನಲ್ಲಿ ಹೆಗಲಿನ ವಲ್ಲಿ ಸರಿಪಡಿಸಿಕೊಳ್ಳುತ್ತ ನಿಂತ ಮುದುಕನ ಹೆಸರನ್ನು ಕೂಗುವವರು ಎಷ್ಟು ಮಂದಿ?

ಕಾರಹುಣ್ಣಿಮೆಯ ಹೊತ್ತಿಗೆ ರಾಯಚೂರಿನಲ್ಲಿ ನಡೆಯುವ ಮುಂಗಾರು ಹಬ್ಬದಲ್ಲಿ ಎತ್ತುಗಳು ಭಾರದ ಕಲ್ಲನ್ನು ಎಳೆಯುವುದನ್ನು ನೋಡಲು ಜನ ಕಿಕ್ಕಿರಿಯುತ್ತಾರೆ. ಕುಸ್ತಿಯೂ ಸಂಗ್ರಾಣಿ ಕಲ್ಲೂ ಆ ಹಬ್ಬಕ್ಕೆ ಸೇರಿವೆ. ಆದ್ದರಿಂದ ನಮ್ಮಲ್ಲಿ ಈ ವಿದ್ಯೆಗೆ ನೋಟಕರ ಕೊರತೆಯಿಲ್ಲ. ಕೊರತೆಯಿರುವುದು ದಿನವೂ ಬೆಳಗಿನ ಜಾವ ಮಣ್ಣು ಹದಮಾಡುವ ಕೈಗಳಿಗೆ, ಆ ಕೈಗಳ ನೆನಪಿಗೆ. ಕಾನೊ ಕಂಡ ತೋಕಿಯೊದಲ್ಲಿದ್ದಂತೆ ನಮ್ಮಲ್ಲಿಯೂ ಈ ವಿದ್ಯೆಯ ಬಹುಭಾಗ ಕೆಲವು ಹಿರಿಯರ ಮೈಯಲ್ಲಿದೆ. ಪಟ್ಟುಗಳ ಹೆಸರು, ಮಣ್ಣಿಗೆ ಬೆರೆಸುವ ಪದಾರ್ಥ, ಉಳುಕಿಗೆ ತೀಡುವ ಕ್ರಮ, ಯಾರಿಂದ ಯಾರು ಕಲಿತರೆಂಬ ಪರಂಪರೆ, ಇವನ್ನು ಕೇಳಿ ಬರೆದುಕೊಳ್ಳುವ ಕೆಲಸ ಪೈಲವಾನರದಲ್ಲ. ಲೇಖನಿ ಹಿಡಿದ ನಮ್ಮದು. ಜನಪದ ಗೀತೆಗಳನ್ನು ಸಂಗ್ರಹಿಸಲು ಹಳ್ಳಿಹಳ್ಳಿ ಅಲೆದ ಕನ್ನಡ ವಿದ್ವಾಂಸರಿಗೆ ಗರಡಿಯ ಬಾಗಿಲು ದೂರವೇನಲ್ಲ.

ಇನ್ನೊಂದು ಮಾತು. ಹಳೆಯ ಗರಡಿಗಳಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಇಂದು ಓಬವ್ವನ ಹೆಸರಿನ ಯೋಜನೆಯಲ್ಲಿ ವಿದ್ಯಾರ್ಥಿನಿಲಯಗಳ ಹುಡುಗಿಯರು ಆತ್ಮರಕ್ಷಣೆಯ ಪಾಠ ಕಲಿಯುವಂತಾಗಿದೆ. ಸಂತೋಷದ ಸಂಗತಿ. ಆದರೆ ಕೆಲವು ವಾರಗಳ ತರಬೇತಿ ಧೈರ್ಯದ ಮುನ್ನುಡಿಯಾದೀತು, ವಿದ್ಯೆಯಾಗಲಾರದು. ವಿದ್ಯೆಯಾಗಬೇಕಾದರೆ ಊರಿನಲ್ಲಿಯೇ ಬೀಡುಬಿಟ್ಟು, ವರ್ಷದ ಮೇಲೆ ವರ್ಷ ಅದೇ ಮೊಣಕೈಯನ್ನು ತಿದ್ದುವ ಒಬ್ಬ ಕೇಕೊ ಬೇಕು. ಅಂಥವಳನ್ನು ಕರೆದು ಕೂರಿಸುವ ಒಬ್ಬ ಕಾನೊ ಬೇಕು. ಅಶಕ್ತರಿಗೆ ಇದೆಲ್ಲ ಏಕೆಂದು ಯಾರಾದರೂ ಕೇಳಿದರೆ ನಮ್ಮ ಜಿಲ್ಲೆಯ ಮಸ್ಕಿಯ ಬಂಡೆಯನ್ನು ತೋರಿಸಬಹುದು. ದೊಡ್ಡವರಿಗೆ ಮಾತ್ರವೇ ಮೇಲಿನದು ಸಾಧ್ಯವೆಂದು ಬಗೆಯಬಾರದು, ಸಣ್ಣವನೂ ಪ್ರಯತ್ನಪಟ್ಟರೆ ಅದನ್ನು ಪಡೆಯಬಲ್ಲನೆಂಬ ಆಶಯವನ್ನು ಅಶೋಕ ಅಲ್ಲಿ ಕೊರೆಯಿಸಿದ್ದಾನೆ. ಅವನು ಹೇಳಿದ್ದು ಧರ್ಮದ ಮಾತು. ಮೈಯ ವಿದ್ಯೆಗೂ ಅದು ಸಲ್ಲುತ್ತದೆ.

ಫುಕುದ ಹಾಚಿನೊಸುಕೆ ಎಂಬ ಮೂಳೆವೈದ್ಯ ತನ್ನ ಬಡ ಶಾಲೆಯೊಡನೆ ಮರೆತುಹೋಗಬೇಕಾಗಿದ್ದವನು. ಎರಡು ವರ್ಷದ ಶಿಷ್ಯನೊಬ್ಬ ಬಾಳಿನುದ್ದಕ್ಕೂ ಆ ಹೆಸರನ್ನು ಹೇಳುತ್ತಿದ್ದುದರಿಂದ, ಹೇಳುವುದರ ಜೊತೆಗೆ ಮೊಮ್ಮಗಳನ್ನು ಹುಡುಕಿ ಕಲಿಸಿದುದರಿಂದ, ಆತ ಉಳಿದ. ಗುರುವನ್ನು ಉಳಿಸುವ ಬಗೆ ಇವೆರಡೇ: ಹೆಸರು ಹೇಳುವುದು, ಕಲಿತದ್ದನ್ನು ಕಲಿಸುವುದು. ನಮ್ಮ ಊರಿನ ಒಂದೊಂದು ಗರಡಿಯ ಗೋಡೆಯ ಮೇಲೂ ಹನುಮಂತನ ಪಟದ ಕೆಳಗೆ ಒಂದಿಷ್ಟು ಜಾಗ ಖಾಲಿ ಇರುತ್ತದೆ. ಅಲ್ಲಿ ವಸ್ತಾದನ ಹೆಸರನ್ನೂ, ಅವನ ವಸ್ತಾದನ ಹೆಸರನ್ನೂ, ಗೊತ್ತಿರುವಷ್ಟು ಹಿಂದಕ್ಕೆ ಹೋಗಿ ಬರೆಯಲು ಒಂದು ಡಬ್ಬಿ ಬಣ್ಣ ಸಾಕು.